ಬಂಗಲೆಯೊಂದೇ ಎಸ್ಟೇಟ್ ಅಲ್ಲ: ಮಲೆನಾಡಿನ ಹಳೆಯ ಕಾಫಿ ತೋಟಗಳ ಕಟ್ಟಡಗಳ ಬಗ್ಗೆ ಒಂದು ಬಹಿರಂಗ ಪತ್ರ

ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ, ಕಾಫಿ ಮಂಡಳಿಯ ಅಧ್ಯಕ್ಷರಿಗೆ, ಹಾಗೂ ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಎಸ್ಟೇಟ್ ಮಾಲೀಕರಿಗೆ

ಮಾನ್ಯರೇ,

ಮಲೆನಾಡಿನ ಕಾಫಿ ಎಸ್ಟೇಟುಗಳ ಪರಂಪರೆ ಎಂಬ ಮಾತು ಎಲ್ಲಿ ಬಂದರೂ ಜೊತೆಗೆ ಬರುವ ಚಿತ್ರ ಒಂದೇ. ಗುಡ್ಡದ ನೆತ್ತಿಯ ಮೇಲೆ ಕೆಂಪು ಹೆಂಚಿನ ಬಂಗಲೆ, ಮುಂದೆ ಹುಲ್ಲುಹಾಸು, ವರಾಂಡದಲ್ಲಿ ಬೆತ್ತದ ಕುರ್ಚಿ, ಗೋಡೆಯ ಮೇಲೆ ಕಾಡೆಮ್ಮೆಯ ಕೊಂಬು. ಪ್ರವಾಸಿ ಕರಪತ್ರದಲ್ಲೂ ಇದೇ, ಪತ್ರಿಕೆಗಳ ಭಾನುವಾರದ ಪುರವಣಿಯಲ್ಲೂ ಇದೇ. ಮುಂದೊಂದು ದಿನ ಸರ್ಕಾರವೇ ಈ ಕಟ್ಟಡಗಳ ಪಟ್ಟಿ ಮಾಡಲು ಹೊರಟರೆ ಆ ಪಟ್ಟಿಯೂ ಬಂಗಲೆಯ ಮೆಟ್ಟಿಲು ಇಳಿಯಲಾರದೆ ಅಲ್ಲೇ ನಿಂತುಬಿಡಬಹುದು ಎಂಬುದು ನನ್ನ ಭಯ. ಹತ್ತೊಂಬತ್ತನೆಯ ಶತಮಾನದ ಕಾಫಿ ಎಸ್ಟೇಟ್ ಎಂದರೆ ಬಂಗಲೆ, ಪಲ್ಪರ್ ಮನೆ (ಕಾಫಿ ಹಣ್ಣು ಸುಲಿಯುವ ಕಟ್ಟಡ), ಕಣ, ಗೋದಾಮು, ಕೊಟ್ಟಿಗೆ, ಲೈನ್ ಮನೆ (ಕೆಲಸಗಾರರ ಸಾಲುಮನೆ) ಎಲ್ಲವೂ ಸೇರಿದ ಒಂದೇ ರಚನೆ. ದಾಖಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ದಾಖಲಿಸಿ. ಬಂಗಲೆಯನ್ನು ಮಾತ್ರ ದಾಖಲಿಸುವುದಾದರೆ ಆ ಕೆಲಸವನ್ನು ಮಾಡದಿರುವುದೇ ಮೇಲು. ಇಷ್ಟನ್ನು ಕೇಳಲು ಈ ಪತ್ರ.

ನಾನು ಸಕಲೇಶಪುರ ತಾಲ್ಲೂಕಿನವನು. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ತೆಗೆಯುವುದು ನನ್ನ ಕಸುಬು. ಅಜ್ಜ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಹಾಗಾಗಿ ಬಂಗಲೆಯ ಮುಂಬಾಗಿಲಿಗಿಂತ ಅದರ ಹಿಂದಿನ ಆಫೀಸು ಕೋಣೆಯ ಪರಿಚಯ ನನಗೆ ಹೆಚ್ಚು. ಈ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ.

ಇತಿಹಾಸವನ್ನು ತುಸು ನೋಡೋಣ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬೆಳೆಸುವುದಿಲ್ಲ. ಗಮನಿಸಬೇಕಾದದ್ದು ಅದರ ನಂತರದ ಕಾಲವನ್ನು. ಬೆಟ್ಟದ ಸುತ್ತಲಿನ ಊರುಗಳಲ್ಲಿ ಕಾಫಿ ಬಹುಕಾಲ ಹಿತ್ತಲ ಗಿಡವಾಗಿಯೇ ಇತ್ತು. ಮನೆಯ ಹಿಂದೆ, ಹಲಸಿನ ಮರದಡಿ, ಬಾಳೆಯ ಜೊತೆ. ಅದಕ್ಕೆ ಬೇರೆ ಕಟ್ಟಡ ಬೇಕಿರಲಿಲ್ಲ, ಅಂಗಳವೇ ಕಣ, ಅಟ್ಟವೇ ಗೋದಾಮು. ಸುಮಾರು 1830ರ ಹೊತ್ತಿಗೆ ಕ್ಯಾನನ್ ಎಂಬ ಆಂಗ್ಲ ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದ ಸಾಲಿನಲ್ಲಿ ತೋಟ ಮಾಡಿದ. ಅವನ ಯಶಸ್ಸು ನೋಡಿ 1843ರಲ್ಲಿ ಗ್ರೀನ್ ಎಂಬವನು ಮಂಜರಾಬಾದಿನ (ಇಂದಿನ ಸಕಲೇಶಪುರ ಸೀಮೆಯ) ದಕ್ಷಿಣ ಭಾಗಕ್ಕೆ ಬಂದ. ಕೊಡಗು 1834ರಲ್ಲಿ ಬ್ರಿಟಿಷರ ವಶವಾಗಿತ್ತು. ಮಡಿಕೇರಿಯ ಬಳಿ ಫೌಲರ್ 1854ರಲ್ಲಿ ತೋಟ ತೆರೆದ. ಮೈಸೂರು ಸಂಸ್ಥಾನವೂ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ನಮ್ಮ ಹಳೆಯ ಎಸ್ಟೇಟುಗಳಲ್ಲಿ ಬಹುಪಾಲು ಹುಟ್ಟಿದ್ದು ಆ ಐವತ್ತು ವರ್ಷಗಳಲ್ಲಿ ಎಂಬುದು ಆಕಸ್ಮಿಕವಲ್ಲ.

ಹಿತ್ತಲ ಗಿಡ ನೂರಾರು ಎಕರೆಯ ತೋಟವಾದಾಗ ಕಟ್ಟಡಗಳು ಬೇಕಾದವು. ದೊಡ್ಡ ಫಸಲನ್ನು ಒಂದೇ ಹಂಗಾಮಿನಲ್ಲಿ ಬಿಡಿಸಿ, ಸುಲಿದು, ತೊಳೆದು, ಒಣಗಿಸಿ, ಘಟ್ಟ ಇಳಿಸಿ ಹಡಗಿಗೆ ಏರಿಸಬೇಕು. ಕೆಲಸಕ್ಕೆ ಜನ ಬೇಕು, ಆ ಜನ ಇರಲು ಜಾಗ ಬೇಕು, ಅವರ ಮೇಲೆ ಕಣ್ಣಿಡುವವನಿಗೂ ಜಾಗ ಬೇಕು. ಎಸ್ಟೇಟಿನ ವಾಸ್ತು ಎಂದರೆ ಇದಿಷ್ಟರ ಉತ್ತರ. ಅಲಂಕಾರ ಆಮೇಲೆ ಬಂತು.

ಮೊದಲ ತಲೆಮಾರಿನ ತೋಟಗಾರರು ಕೆಲವೆಡೆ ಒಂದು ದೊಡ್ಡ ತಪ್ಪು ಮಾಡಿದರು. ಕಾಡನ್ನು ಬೋಳಿಸಿ, ಸುಟ್ಟು, ಬಯಲಿನಲ್ಲಿ ಕಾಫಿ ನೆಟ್ಟರು. 1860ರ ದಶಕದ ಬಿರುಬಿಸಿಲಿನ ವರ್ಷಗಳಲ್ಲಿ ಕಾಂಡಕೊರಕ ಹುಳು ಆ ತೋಟಗಳನ್ನು ಹಾಳುಮಾಡಿತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಇಲ್ಲಿಗೂ ಬಂತು. ಮಡಿಕೇರಿ ಸುತ್ತಲಿನ ಕೆಲವು ತೋಟಗಳನ್ನು ಬಿಟ್ಟು ಜನ ಪೂರ್ವದ ಬಿದಿರು ಸೀಮೆಯ ಕಡೆಗೆ, ಸಿದ್ದಾಪುರ ಪೊಲ್ಲಿಬೆಟ್ಟದ ಕಡೆಗೆ ಸರಿದರು. ಮೈಸೂರು ಸೀಮೆಯಲ್ಲಿ ಸೊರಗಿದ ಹಳೆಯ 'ಚಿಕ್' ತಳಿಯ ಜಾಗಕ್ಕೆ ಕೊಡಗಿನ ತಳಿ ಬಂತು. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್ ನೆರಳಿನ ಪರವಾಗಿ ಪುಟಗಟ್ಟಲೆ ಬರೆದ. ಊರಿನ ಗೌಡರ ಹಿತ್ತಲಲ್ಲಿ ಹಲಸು, ಅತ್ತಿ, ಬಸರಿ, ಗೋಣಿಯ ನೆರಳಿನಲ್ಲಿ ಕಾಫಿ ಮೊದಲಿನಿಂದಲೂ ಇತ್ತು. ದೊರೆಗಳಿಗೆ ಅದು ತಿಳಿಯಲು ಒಂದು ಪೀಡೆ ಬರಬೇಕಾಯಿತು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಇಂದು ನೆರಳು ಮರಗಳ ನಡುವೆ ಅಡಗಿರುವ ಬಂಗಲೆ ಕಟ್ಟಿದ ಕಾಲಕ್ಕೆ ಬೋಳು ಗುಡ್ಡದ ಮೇಲೆ ನಿಂತಿದ್ದಿರಬಹುದು. ಅಲ್ಲಿಂದ ಕಣ ಕಾಣುತ್ತಿತ್ತು, ಲೈನು ಕಾಣುತ್ತಿತ್ತು, ತೋಟದ ಎದುರು ಇಳಿಜಾರೂ ಕಾಣುತ್ತಿತ್ತು. ಈಗಿನ ನೋಟವನ್ನು ಮಾತ್ರ ನೋಡಿ ಬಂಗಲೆಯ ಜಾಗದ ಆಯ್ಕೆಯನ್ನು ಅರ್ಥಮಾಡಿಕೊಳ್ಳಲಾಗದು.

ಜಾಗದ ಆಯ್ಕೆಗೆ ಇನ್ನೊಂದು ಕಾರಣವೂ ಇತ್ತು. ಚಳಿಜ್ವರ ಸೊಳ್ಳೆಯಿಂದ ಬರುತ್ತದೆ ಎಂದು ರೊನಾಲ್ಡ್ ರಾಸ್ ತೋರಿಸಿದ್ದು 1897ರಲ್ಲಿ. ಅಲ್ಲಿಯವರೆಗೆ ತಗ್ಗಿನ ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲ ಎಂದು ಯೂರೋಪಿಯನ್ನರು ನಂಬಿದ್ದರು. ಹಾಗಾಗಿ ಬಂಗಲೆ ನೆತ್ತಿಯ ಮೇಲೆ, ಎತ್ತರದ ಪಾಯದ ಮೇಲೆ, ನಾಲ್ಕೂ ದಿಕ್ಕಿಗೆ ಗಾಳಿ ಆಡುವಂತೆ. ಲೈನುಗಳು ಕೆಳಗೆ, ಗದ್ದೆ ಮತ್ತು ಹಳ್ಳದ ಪಕ್ಕ. ಕಾರಣ ತಪ್ಪಾಗಿದ್ದರೂ ಸೊಳ್ಳೆ ಕಚ್ಚಿದ್ದು ಮಾತ್ರ ಕೆಳಗಿನವರನ್ನೇ. ಬಂಗಲೆಯ ಜಗಲಿಯ ಮೇಲೆ ನಿಂತು 'ಎಂಥ ನೋಟ!' ಎನ್ನುವ ಪ್ರವಾಸಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇನ್ನು ಬಂಗಲೆ. ಅದರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಬಹಳ ಬುದ್ಧಿವಂತಿಕೆಯ ಕಟ್ಟಡ ಅದು. ದಪ್ಪ ಮಣ್ಣಿನ ಗೋಡೆ ಅಥವಾ ಹಸಿ ಇಟ್ಟಿಗೆಯ ಗೋಡೆ, ಮೇಲೆ ಸುಣ್ಣದ ಗಿಲಾವು. ನಡುವೆ ದೊಡ್ಡ ಕೋಣೆ, ಎರಡೂ ಪಕ್ಕಕ್ಕೆ ಮಲಗುವ ಕೋಣೆಗಳು, ಮೂರು ಕಡೆ ಆಳವಾದ ವರಾಂಡ. ಅಡುಗೆಮನೆ ಹೊಗೆಗೂ ಬೆಂಕಿಗೂ ಹೆದರಿ ಹಿಂದಕ್ಕೆ ಬೇರೆಯಾಗಿ, ನಡುವೆ ಮಾಡು ಹೊದಿಸಿದ ಓಣಿ. ಇಂಗ್ಲೆಂಡಿನ ನೆನಪಿಗೆ ಒಂದು ಬೆಂಕಿಗೂಡು, ಆದರೆ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಅದು ನಿಜಕ್ಕೂ ಬೇಕು. ಮರವೆಲ್ಲ ತೋಟಕ್ಕಾಗಿ ಕಡಿದ ಕಾಡಿನದೇ: ನಂದಿ, ಹಲಸು, ಬೀಟೆ. ಕಟ್ಟಿದವರು ನಮ್ಮ ಆಚಾರಿಗಳು, ನಮ್ಮ ಗಾರೆಯವರು. ಹಾಗಾಗಿ ಬಾಗಿಲುವಾಡದಲ್ಲಿ, ಮುಚ್ಚಿಗೆಯಲ್ಲಿ, ಕಂಬದ ಬೋದಿಗೆಯಲ್ಲಿ ಮಲೆನಾಡಿನ ಕೈ ಕಾಣುತ್ತದೆ. ಮಂಜರಾಬಾದಿನ ಒಂದು ಬಂಗಲೆಯಲ್ಲಿ ಊಟದ ಕೋಣೆಯ ಬಾಗಿಲಿನ ಮೇಲ್ದಾರಂದದಲ್ಲಿ ಗಜಲಕ್ಷ್ಮಿಯ ಜಾಗದಲ್ಲಿ ಬರಿಯ ಎರಡು ಆನೆಗಳಿವೆ, ನಡುವೆ ಖಾಲಿ. ದೊರೆ ಬೇಡವೆಂದನೋ ಆಚಾರಿಯೇ ಬಿಟ್ಟನೋ! ಅಂತೂ ಲಕ್ಷ್ಮಿಯಿಲ್ಲದ ಆನೆಗಳು ಕಾಫಿ ಹೂವಿನಂಥ ಏನನ್ನೋ ಸೊಂಡಿಲಿನಲ್ಲಿ ಎತ್ತಿ ಹಿಡಿದಿವೆ.

ಮಾಡಿನ ಕಥೆ ಬೇರೆ. ಮೊದಲು ಹುಲ್ಲಿನ ಹೊದಿಕೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಆ ಹೆಂಚು ಘಟ್ಟ ಹತ್ತಿ ಬಂತು. ಕಾಫಿ ಹೇರಿಕೊಂಡು ಮಂಗಳೂರಿಗೆ ಇಳಿದ ಎತ್ತಿನ ಗಾಡಿಗೆ ಮರಳಿ ಬರುವಾಗ ಹೆಂಚು ಒಳ್ಳೆಯ ಹೇರು. ಇಲ್ಲೊಂದು ಎಚ್ಚರಿಕೆಯ ಮಾತು. ಹೆಂಚಿನ ಬೆನ್ನ ಮೇಲೆ 1865 ಎಂದು ಅಚ್ಚಾಗಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಮನೆ ಕಟ್ಟಿದ ವರ್ಷವಲ್ಲ. ಅದನ್ನು ನಂಬಿಕೊಂಡು ಗೇಟಿಗೆ '1865ರ ಬಂಗಲೆ' ಎಂದು ಬೋರ್ಡು ತಗುಲಿಸಿದವರಿದ್ದಾರೆ. ಇಲಾಖೆಯ ಪಟ್ಟಿಯಲ್ಲಿ ಅಂಥ ತಾರೀಖುಗಳು ಸೇರದಿರಲಿ.

ಬಂಗಲೆಯಿಂದ ಕೆಳಗಿಳಿದರೆ ಪಲ್ಪರ್ ಮನೆ. ನನ್ನ ಮಟ್ಟಿಗೆ ಎಸ್ಟೇಟಿನ ಅತ್ಯಂತ ಸುಂದರ ಕಟ್ಟಡ ಇದೇ. ನೀರು ಹರಿಯುವ ದಾರಿಯೇ ಇದರ ನಕ್ಷೆ. ಮೇಲೆ ಎಲ್ಲೋ ಒಂದು ಹಳ್ಳಕ್ಕೆ ಒಡ್ಡು ಕಟ್ಟಿ, ಗುಡ್ಡದ ಸೊಂಟ ಬಳಸಿ ಕಾಲುವೆ ತಂದು, ಕಟ್ಟಡದ ಹಿಂದಿನ ತೊಟ್ಟಿಗೆ ಬಿಡುತ್ತಿದ್ದರು. ಹಣ್ಣು ತುಂಬಿದ ಚೀಲಗಳು ಬರುವುದು ಮೇಲಿನ ಹಂತಕ್ಕೆ. ಅಲ್ಲಿಂದ ಹಣ್ಣು ನೀರಿನ ಜೊತೆ ಪಲ್ಪರ್‌ಗೆ ಇಳಿಯುತ್ತದೆ, ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ಬೀಜ ಕೆಳಗಿನ ತೊಟ್ಟಿಯಲ್ಲಿ ಒಂದೆರಡು ದಿನ ಹುಳಿತು ಲೋಳೆ ಬಿಡುತ್ತದೆ, ಅದರ ಕೆಳಗಿನ ಉದ್ದನೆಯ ತೊಟ್ಟಿಯಲ್ಲಿ ತೊಳೆಯಲ್ಪಡುತ್ತದೆ, ಅದರ ಕೆಳಗೆ ಕಣ. ಆಳು ಎತ್ತಬೇಕಾದ ಭಾರವನ್ನು ಇಳಿಜಾರೇ ಹೊತ್ತುಕೊಂಡಿದೆ. ಪಂಪು, ಮೋಟಾರು ಬರುವ ಮೊದಲಿನ ಈ ಲೆಕ್ಕಾಚಾರ ಅರ್ಥವಾಗಬೇಕಾದರೆ ಒಡ್ಡು, ಕಾಲುವೆ, ತೊಟ್ಟಿ, ಕಣ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ, ಎತ್ತರದ ಅಳತೆಯ ಸಮೇತ ತೋರಿಸಬೇಕು. ಮುಂಬಾಗಿಲಿನ ಫೋಟೋ ಏನನ್ನೂ ಹೇಳುವುದಿಲ್ಲ.

ನಾನು ಅಳೆದ ಒಂದು ಪಲ್ಪರ್ ಮನೆಯಲ್ಲಿ ತೊಳೆಯುವ ತೊಟ್ಟಿಯ ತಳ ನೋಡಲು ಸಮತಟ್ಟು. ಮಟ್ಟಗೋಲು ಇಟ್ಟು ನೋಡಿದರೆ ಒಂದು ತುದಿಯಿಂದ ಇನ್ನೊಂದಕ್ಕೆ ಮೂರು ಬೆರಳಿನಷ್ಟು ಇಳಿತ. ಅದಕ್ಕಿಂತ ಹೆಚ್ಚಾದರೆ ನೀರು ಬೀಜವನ್ನು ಎಳೆದುಕೊಂಡು ಹೋಗುತ್ತದೆ, ಕಡಿಮೆಯಾದರೆ ಲೋಳೆ ನಿಲ್ಲುತ್ತದೆ. ತೊಟ್ಟಿಯ ಅಂಚಿನ ಕಲ್ಲು, ಕೋಲು ಹಿಡಿದು ತೊಳೆಯುವವರು ಕಾಲು ಊರುವ ಕಡೆ, ಒಂದೇ ಅಂತರದಲ್ಲಿ ಸವೆದು ತಗ್ಗಾಗಿದೆ. ಎಷ್ಟು ಜನ ಸಾಲಾಗಿ ನಿಲ್ಲುತ್ತಿದ್ದರು ಎಂಬುದನ್ನು ಕಲ್ಲಿನಲ್ಲೇ ಎಣಿಸಬಹುದು.

ಕಣದ ಬಗ್ಗೆ ಯಾರೂ ಬರೆಯುವುದಿಲ್ಲ, ಏಕೆಂದರೆ ಅಲ್ಲಿ ಗೋಡೆಯಿಲ್ಲ, ಮಾಡಿಲ್ಲ. ಆದರೆ ಇಡೀ ಎಸ್ಟೇಟಿನಲ್ಲಿ ಅತಿ ಹೆಚ್ಚು ಜಾಗ, ಅತಿ ಹೆಚ್ಚು ಬಿಸಿಲು ಅದಕ್ಕೇ ಮೀಸಲು. ಪಾರ್ಚ್‌ಮೆಂಟ್ (ಸುಲಿದು ತೊಳೆದ ಬೀಜ) ಒಣಗಲು ವಾರ ಹತ್ತು ದಿನ ಬೇಕು, ಚೆರ್ರಿಗೆ, ಅಂದರೆ ಸುಲಿಯದ ಹಣ್ಣಿಗೆ, ಎರಡು ವಾರವಾದರೂ ಬೇಕು. ಮೊದಲು ಸೆಗಣಿ ಸಾರಿಸಿದ ಮಣ್ಣಿನ ಕಣ, ಆಮೇಲೆ ಇಟ್ಟಿಗೆಯದು, ಕಲ್ಲು ಚಪ್ಪಡಿಯದು, ಕೊನೆಗೆ ಸಿಮೆಂಟು. ಹಳೆಯ ಇಟ್ಟಿಗೆ ಕಣಗಳು ಇನ್ನೂ ಕೆಲವು ಕಡೆ ಉಳಿದಿವೆ. ಅವುಗಳ ಮೇಲೆಯೇ ಕಾರು ನಿಲ್ಲಿಸುವುದು ಈಗಿನ ರೂಢಿ.

ಇನ್ನು ಲೈನ್ ಮನೆ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು.

ಒಂದೇ ಮಾಡಿನ ಕೆಳಗೆ ಸಾಲಾಗಿ ಕೋಣೆಗಳು, ಕೋಣೆಗೊಂದು ಬಾಗಿಲು, ಮುಂದೆ ಕಿರಿದಾದ ಜಗಲಿ. ಹಲವೆಡೆ ಕಿಟಕಿಯೇ ಇಲ್ಲ. ಒಂದು ಕೋಣೆಗೆ ಒಂದು ಸಂಸಾರ, ಹಂಗಾಮಿನಲ್ಲಿ ಎರಡು. ಇಲ್ಲಿಗೆ ಬಂದವರು ಯಾರು? ದಕ್ಷಿಣ ಕನ್ನಡದಿಂದ, ಭತ್ತದ ಕೆಲಸ ಮುಗಿಸಿ ಘಟ್ಟ ಹತ್ತಿ ಬರುತ್ತಿದ್ದ ತುಳು ಮಾತನಾಡುವ ಜನ, ಮೈಸೂರಿನ ಬಯಲುಸೀಮೆಯವರು, ಕೊಡಗಿನಲ್ಲಿ ಯರವರು, ಜೇನು ಕುರುಬರು. ಮೇಸ್ತ್ರಿ ಊರೂರಿಗೆ ಹೋಗಿ ಮುಂಗಡ ಕೊಟ್ಟು ಕರೆತರುತ್ತಿದ್ದ. ಮುಂಗಡ ಪಡೆದು ಕೆಲಸ ಬಿಟ್ಟುಹೋದವನನ್ನು ಸಿವಿಲ್ ಕೋರ್ಟಿಗಲ್ಲ, ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಲು 1859ರ ಕರಾರು ಭಂಗ ಕಾಯಿದೆ ಅವಕಾಶ ಕೊಟ್ಟಿತ್ತು, ತೀರಿಸಲಾಗದವನಿಗೆ ಜೈಲು. ಆ ಕಾಯಿದೆ ರದ್ದಾಗಲು 1920ರ ದಶಕ ಬರಬೇಕಾಯಿತು. ಲೈನಿನ ವಾಸ್ತುವನ್ನು ಈ ಕಾಯಿದೆಯ ಜೊತೆ ಇಟ್ಟು ಓದಬೇಕು. ಎಲ್ಲ ಬಾಗಿಲುಗಳೂ ಒಂದೇ ದಿಕ್ಕಿಗೆ, ಮೇಸ್ತ್ರಿಯ ಕೋಣೆ ಸಾಲಿನ ತಲೆಯಲ್ಲಿ, ಹಿಂಬಾಗಿಲು ಇಲ್ಲ. ಯಾರು ಹೊರಬಂದರು, ಯಾರು ಬರಲಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುವಂತೆ ಕಟ್ಟಿದ ಮನೆಗಳು ಅವು. ಇದು ಬಡತನದ ವಾಸ್ತು ಮಾತ್ರವಲ್ಲ, ಲೆಕ್ಕ ಇಡುವವರ ವಾಸ್ತು.

ಆ ಲೆಕ್ಕದ ಇನ್ನೊಂದು ತುದಿ ಬಂಗಲೆಯ ಹಿಂದಿನ ಆಫೀಸು. ನಮ್ಮಜ್ಜ ಕೆಲಸ ಮಾಡಿದ ಆಫೀಸಿನಲ್ಲಿ ಅಂಗಳದ ಕಡೆಗೆ ಒಂದು ಚಿಕ್ಕ ಕಿಟಕಿ ಇದೆ, ಸುಮಾರು ಸೊಂಟದ ಮಟ್ಟದಲ್ಲಿ. ಬಟವಾಡೆ ನಡೆಯುತ್ತಿದ್ದುದು ಅಲ್ಲಿಂದ. ರೈಟರ್ ಚೆಕ್‌ರೋಲ್ (ಹಾಜರಿ ಮತ್ತು ಕೂಲಿಯ ಪುಸ್ತಕ) ನೋಡಿ ಹೆಸರು ಕೂಗುತ್ತಾನೆ, ಹೊರಗಿನವರು ಬಗ್ಗಿ ಕೈ ಚಾಚಬೇಕು. ನಿಂತು ತೆಗೆದುಕೊಳ್ಳುವಷ್ಟು ಎತ್ತರಕ್ಕೆ ಆ ಕಿಟಕಿಯನ್ನು ಇಡಲು ಯಾವ ತೊಂದರೆಯೂ ಇರಲಿಲ್ಲ. ಗೋಡೆ ಬೇಕಾದಷ್ಟು ಎತ್ತರವಿದೆ. ಹಲಸಿನ ಹಲಗೆಯ ಅಂಚು ಕೈ ತಾಗಿ ತಾಗಿ ಗಾಜಿನಂತೆ ನುಣುಪಾಗಿದೆ. ಬಂಗಲೆಯ ಬೆಂಕಿಗೂಡಿನ ಫೋಟೋ ತೆಗೆಯಲು ಬಂದವರಲ್ಲಿ ಒಬ್ಬರೂ ಈ ಕಿಟಕಿಯ ಫೋಟೋ ತೆಗೆದದ್ದನ್ನು ನಾನು ನೋಡಿಲ್ಲ.

ಇಲ್ಲಿ ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಎಸ್ಟೇಟ್ ಎಂದರೆ ಬಿಳಿಯರದ್ದು ಮಾತ್ರ ಎಂಬಂತೆ ಮಾತನಾಡುವುದು ಒಂದು ಚಾಳಿಯಾಗಿದೆ. ಆ ಕಾಲದಲ್ಲೇ ಮಂಜರಾಬಾದಿನ, ಕೊಪ್ಪ ಮೂಡಿಗೆರೆಗಳ ಗೌಡ ಪಟೇಲರು, ಲಿಂಗಾಯತ ಮನೆತನಗಳು, ಕೊಡಗಿನ ಒಕ್ಕಗಳು (ಕುಲ ಮನೆತನಗಳು) ಕಾಫಿ ಬೆಳೆದಿದ್ದಾರೆ. ಅವರು ಬಂಗಲೆ ಕಟ್ಟಲಿಲ್ಲ, ಇದ್ದ ತೊಟ್ಟಿ ಮನೆಯನ್ನೇ ಹಿಗ್ಗಿಸಿದರು. ಕೊಡಗಿನ ಐನ್‌ಮನೆಗಳ (ಒಕ್ಕದ ಮೂಲ ಮನೆಗಳ) ಕೆಳಗಿನ ಗದ್ದೆ ಹಾಗೆಯೇ ಉಳಿದು, ಮೇಲಿನ ಬಾಣೆ ಜಾಗ (ಗದ್ದೆಗೆ ಸೇರಿದ ಕಾಡು ಗುಡ್ಡ) ಕಾಫಿ ತೋಟವಾಯಿತು. ಐನ್‌ಮನೆಗಳನ್ನು ಕೆಲವರು ವರ್ಷಗಟ್ಟಲೆ ಸ್ವಂತ ಶ್ರಮದಿಂದ ಊರೂರು ಸುತ್ತಿ ದಾಖಲಿಸಿದ್ದಾರೆ, ಅವರಿಗೆ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ತೊಟ್ಟಿ ಮನೆ ಎಸ್ಟೇಟುಗಳಿಗೆ ಆ ಭಾಗ್ಯ ಸಿಕ್ಕಿಲ್ಲ. ಅಲ್ಲಿಯೂ ಆಳುಗಳ ಬಿಡಾರಗಳಿದ್ದವು, ಜೀತವಿತ್ತು. ದೊರೆಗಳ ಲೈನನ್ನು ಅಳೆಯುವ ಟೇಪು ನಮ್ಮವರ ಬಿಡಾರದ ಮುಂದೆ ಗಿಡ್ಡವಾಗಬಾರದು.

ಇಂಥ ಕೆಲಸ ಬೇರೆ ಕಡೆ ಆಗಿದೆ. ಕ್ಯೂಬಾದ ಆಗ್ನೇಯ ಭಾಗದಲ್ಲಿ, ಸಿಯೆರ್ರಾ ಮಯೆಸ್ತ್ರಾ ಬೆಟ್ಟಗಳ ಬುಡದಲ್ಲಿರುವ 171 ಹಳೆಯ ಕಾಫಿ ತೋಟಗಳ ಅವಶೇಷಗಳು 2000ನೇ ಇಸವಿಯಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅವು ಹತ್ತೊಂಬತ್ತನೆಯ ಶತಮಾನದವು, ಹೈಟಿಯ ದಂಗೆಯಿಂದ ಓಡಿಬಂದ ಫ್ರೆಂಚ್ ತೋಟಗಾರರು ಗುಲಾಮರಿಂದ ಮಾಡಿಸಿದವು. ಅಲ್ಲಿ ಮಾಲೀಕನ ಮನೆಯ ಜೊತೆಗೆ ಒಣಗಿಸುವ ಕಣಗಳು, ನೀರಿನ ಕಾಲುವೆಗಳು, ಗಿರಣಿಗಳು, ದಾರಿಗಳು, ಗುಲಾಮರ ವಸತಿಗಳು ಎಲ್ಲವೂ ಒಂದೇ ಘಟಕವೆಂದು ಗುರುತಾಗಿವೆ. ಕೊಲಂಬಿಯಾದ ಕಾಫಿ ಸೀಮೆ 2011ರಲ್ಲಿ ಅದೇ ಪಟ್ಟಿಗೆ ಸೇರಿತು. ನಮ್ಮಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೀಜಕ್ಕೆ ಸಿಕ್ಕ ಗೌರವ ಅದನ್ನು ತೊಳೆದ ತೊಟ್ಟಿಗೂ ಸಿಗಲಿ ಎನ್ನುವುದು ದೊಡ್ಡ ಆಸೆಯೇ? ವಿಶ್ವ ಪರಂಪರೆ ಎಂಬ ಹೆಸರು ಕೇಳಿದರೆ ಪಶ್ಚಿಮ ಘಟ್ಟದ ಜನ ಬೆಚ್ಚಿಬೀಳುತ್ತಾರೆ, 2012ರಲ್ಲಿ ಘಟ್ಟದ ತಾಣಗಳು ಆ ಪಟ್ಟಿಗೆ ಸೇರಿದಾಗ ಎದ್ದ ಆತಂಕ ಮರೆತಿಲ್ಲ. ಆ ಪಟ್ಟಿಗೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಎಣಿಸುವ ಕ್ರಮವನ್ನು ಅಲ್ಲಿಂದ ಕಲಿಯಬಹುದು ಎನ್ನುತ್ತಿದ್ದೇನೆ.

ಈಗ ಆಗುತ್ತಿರುವುದೇನು? ಬಂಗಲೆಗಳು ಹೋಂಸ್ಟೇ ಆಗುತ್ತಿವೆ. ಅದನ್ನು ಹೀಗಳೆಯಲಾರೆ; ಹೋಂಸ್ಟೇ ಆದದ್ದರಿಂದಲೇ ಎಷ್ಟೋ ಮಾಡುಗಳು ಸೋರದೆ ಉಳಿದಿವೆ. ಆದರೆ ದುರಸ್ತಿಗೆ ಸುಣ್ಣದ ಬದಲು ಸಿಮೆಂಟ್ ಬಳಿಯುತ್ತಾರೆ. ನಮ್ಮ ಜಡಿಮಳೆಯಲ್ಲಿ ಮಣ್ಣಿನ ಗೋಡೆ ಕುಡಿದ ತೇವ ಸುಣ್ಣದ ಮೂಲಕ ಆರಿಹೋಗುತ್ತಿತ್ತು, ಸಿಮೆಂಟಿನ ಹಿಂದೆ ಅದು ಸಿಕ್ಕಿಕೊಂಡು ಗೋಡೆಯನ್ನೇ ಒಳಗಿನಿಂದ ಕರಗಿಸುತ್ತದೆ. ನೂರೈವತ್ತು ಮಳೆಗಾಲ ಕಂಡ ಗೋಡೆ ಸಿಮೆಂಟ್ ಬಳಿದ ಹತ್ತು ವರ್ಷಕ್ಕೆ ಉಬ್ಬುತ್ತದೆ. ಅತ್ತ ಹಳೆಯ ಎರಕದ ಪಲ್ಪರ್‌ಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗಿವೆ. ಲೈನುಗಳನ್ನು ಕೆಡವಿ 'ಕಾಟೇಜ್' ಕಟ್ಟುತ್ತಿದ್ದಾರೆ. ಒಂದು ಕಡೆ ಹಳೆಯ ಲೈನನ್ನೇ ಬಣ್ಣ ಬಳಿದು, ಎರಡೆರಡು ಕೋಣೆ ಸೇರಿಸಿ, ಒಳಗೆ ಸ್ನಾನದ ತೊಟ್ಟಿ ಇಟ್ಟು ಅತಿಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದನ್ನು ಕಂಡೆ; ಗೋಡೆಯ ಮೇಲೆ ಆ ಕಟ್ಟಡ ಏನಾಗಿತ್ತು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದೇ ಎಸ್ಟೇಟಿನ ಕೆಲಸಗಾರರು, ಈಗ ಬಹುತೇಕ ಅಸ್ಸಾಮಿನಿಂದ ಬಂದವರು, ತಗಡಿನ ಶೆಡ್ಡಿನಲ್ಲಿದ್ದರು.

ಹೀಗಾಗಿ ಲೈನ್ ಮನೆಯ ವಿಷಯದಲ್ಲಿ ನನ್ನ ಮಾತನ್ನು ಯಾರೂ ತಿರುಚದಿರಲಿ. ಲೈನು ಉಳಿಸಿ ಎಂದರೆ ಜನರನ್ನು ಅದರೊಳಗೆ ಉಳಿಸಿ ಎಂದಲ್ಲ. ಕೆಲಸಗಾರರಿಗೆ ಯೋಗ್ಯ ವಸತಿ ಕೊಡಬೇಕು ಎಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಪರಂಪರೆಯ ಹೆಸರಿನಲ್ಲಿ ಒಂದು ಸಂಸಾರವೂ ಕಿಟಕಿಯಿಲ್ಲದ ಕೋಣೆಯಲ್ಲಿ ಒಂದು ಮಳೆಗಾಲ ಹೆಚ್ಚಿಗೆ ಕಳೆಯುವಂತಾದರೆ ಈ ಪತ್ರವನ್ನು ಹರಿದುಹಾಕಿ. ಕೆಡವುವ ಮೊದಲು ಅಳೆದಿಡಿ, ಫೋಟೋ ತೆಗೆದಿಡಿ, ಅಲ್ಲಿ ಬಾಳಿದವರ ಮಾತು ಬರೆದಿಡಿ. ಪ್ರತಿ ತಾಲ್ಲೂಕಿನಲ್ಲಿ ಖಾಲಿಯಿರುವ ಒಂದೇ ಒಂದು ಲೈನನ್ನು, ಮಾಲೀಕರು ಒಪ್ಪಿದರೆ, ಇದ್ದಂತೆಯೇ ಉಳಿಸಿ. ಮಿಕ್ಕವು ಹೋಗಲಿ.

ಮಾಲೀಕರ ಆತಂಕವೂ ನನಗೆ ಗೊತ್ತು, ಅನೇಕರು ನನ್ನ ಮುಂದೆಯೇ ಹೇಳಿದ್ದಾರೆ. 'ಸರ್ಕಾರದ ಪಟ್ಟಿಗೆ ಸೇರಿದರೆ ನಾಳೆ ನನ್ನದೇ ಮನೆಯ ಹೆಂಚು ಬದಲಿಸಲು ಮೈಸೂರಿಗೆ ಅರ್ಜಿ ಹಾಕಬೇಕೇ?' ತೋಟದಲ್ಲಿ ತಾವೇ ಉಳಿಸಿ ಬೆಳೆಸಿದ ಬೀಟೆ ಮರದ ಮೇಲೆ ಸರ್ಕಾರದ ಹಕ್ಕು ಇರುವುದನ್ನು ಕಂಡವರು ಹೀಗೆ ಕೇಳುವುದು ಸಹಜ. ಆದ್ದರಿಂದ ಆಯುಕ್ತರಲ್ಲಿ ನನ್ನ ಮೊದಲ ಮನವಿ: ಇದನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿ ಮಾಡಬೇಡಿ, ದಾಖಲೆಯ ಪಟ್ಟಿ ಮಾಡಿ. ಯಾವ ನಿರ್ಬಂಧವೂ ಇಲ್ಲ ಎಂದು ಬರವಣಿಗೆಯಲ್ಲೇ ಕೊಡಿ. ಸುಣ್ಣದ ಗಾರೆಯಲ್ಲಿ ದುರಸ್ತಿ ಮಾಡಲು ಬಯಸುವವರಿಗೆ ಕೆಲಸ ಬಲ್ಲ ಗಾರೆಯವರನ್ನು ತೋರಿಸಿಕೊಡಿ. ಅಷ್ಟಾದರೆ ಗೇಟುಗಳು ತಾವಾಗಿಯೇ ತೆರೆಯುತ್ತವೆ.

ಕಾಫಿ ಮಂಡಳಿಯ ಅಧ್ಯಕ್ಷರಲ್ಲಿ ಕೇಳುವುದು ಕಾಗದಗಳ ಬಗ್ಗೆ. ಚೆಕ್‌ರೋಲ್, ಮುಂಗಡದ ಪುಸ್ತಕ, ಮಳೆ ಲೆಕ್ಕದ ಡೈರಿ, ತೋಟದ ಬ್ಲಾಕುಗಳ ನಕ್ಷೆ, ಪಲ್ಪರ್ ಕೊಂಡ ರಸೀದಿ, ಇವೆಲ್ಲ ಹಳೆಯ ಆಫೀಸುಗಳ ಮರದ ಬೀರುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಕಟ್ಟಡ ಯಾವ ವರ್ಷದ್ದು ಎಂಬುದಕ್ಕೂ, ಅದರಲ್ಲಿ ಯಾರಿದ್ದರು ಎಂಬುದಕ್ಕೂ ಇವಕ್ಕಿಂತ ನಂಬಿಕೆಯ ಸಾಕ್ಷಿ ಇಲ್ಲ. ಯೂರೋಪಿಯನ್ ತೋಟಗಾರರು ತಮ್ಮ ಅನುಭವವನ್ನು ತಾವೇ ಬರೆದುಕೊಂಡಿದ್ದಾರೆ. ಲೈನಿನವರ ಹೆಸರು ಬರಹದಲ್ಲಿ ಇರುವುದು ಚೆಕ್‌ರೋಲಿನಲ್ಲಿ ಮಾತ್ರ. ಚಿಕ್ಕಮಗಳೂರಿನಲ್ಲಿ ಮಂಡಳಿಯ ಕಾಫಿ ವಸ್ತುಸಂಗ್ರಹಾಲಯ ಇದೆ, ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದ ಸಂಶೋಧನಾ ಕೇಂದ್ರ ಇದೆ. ಎರಡರಲ್ಲಿ ಒಂದು ಕಡೆ ಈ ಕಾಗದಗಳನ್ನು ಸ್ಕ್ಯಾನ್ ಮಾಡಿ ಮೂಲವನ್ನು ಮಾಲೀಕರಿಗೇ ಮರಳಿಸುವ ವ್ಯವಸ್ಥೆ ಮಾಡಲು ಒಂದು ಕೋಣೆ, ಇಬ್ಬರು ಸಿಬ್ಬಂದಿ ಸಾಕು.

ಮಾಲೀಕರಲ್ಲಿ ಕೇಳುವುದು ಇನ್ನೂ ಕಡಿಮೆ. ಲೈನು ಕೆಡವಲು ಜೆಸಿಬಿ ಕರೆಸುವ ಮೊದಲು ಒಂದು ವಾರ ಸಮಯ ಕೊಡಿ. ಪಲ್ಪರ್ ಮನೆಯ ಕಾಲುವೆಯನ್ನು ಮುಚ್ಚುವ ಮೊದಲು ಅದು ಎಲ್ಲಿಂದ ಬರುತ್ತದೆ ಎಂದು ನೋಡಿಕೊಂಡು ಬನ್ನಿ. ಮೇಲಿನ ಒಡ್ಡು ನಿಮ್ಮ ತೋಟದಲ್ಲೇ ಇರಬಹುದು, ನಿಮಗೇ ಗೊತ್ತಿರಲಿಕ್ಕಿಲ್ಲ.

ಸಮೀಕ್ಷೆ ಮಾಡುವುದಾದರೆ ಫೆಬ್ರವರಿ ಕೊನೆಯಿಂದ ಮೇ ನಡುವಿನವರೆಗೆ ಮಾಡಿ. ಕೊಯ್ಲು ಮುಗಿದಿರುತ್ತದೆ, ಕಣ ಖಾಲಿಯಿರುತ್ತದೆ, ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ನಡೆದ ಕಡೆ ನೆರಳು ತೆಳುವಾಗಿ ಕಟ್ಟಡಗಳ ನಡುವಿನ ನೇರ ನೋಟ ಸಿಗುತ್ತದೆ. ಜೂನ್ ಆದ ಮೇಲೆ ಟೇಪು ಹಿಡಿಯಲಾಗದು. ಜೊತೆಗೆ ವಾಸ್ತುಶಿಲ್ಪ ಬಲ್ಲವರನ್ನು ಮಾತ್ರ ಕಳುಹಿಸಬೇಡಿ. ತುಳು, ಯರವ ಭಾಷೆ ಬಲ್ಲ ಒಬ್ಬರಾದರೂ ತಂಡದಲ್ಲಿರಲಿ. ನಾನು ಅಳೆದಿಟ್ಟಿರುವ ನಕ್ಷೆಗಳನ್ನು, ಆಯಾ ಮಾಲೀಕರ ಒಪ್ಪಿಗೆ ಪಡೆದು, ಯಾವ ಶುಲ್ಕವೂ ಇಲ್ಲದೆ ಇಲಾಖೆಗೆ ಒಪ್ಪಿಸುತ್ತೇನೆ. ಆಫೀಸಿನ ಆ ಬಟವಾಡೆ ಕಿಟಕಿಯ ಅಳತೆಯೂ ಅದರಲ್ಲಿದೆ: ನೆಲದಿಂದ ಹಲಗೆಗೆ ಎರಡು ಅಡಿ ಹತ್ತು ಅಂಗುಲ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ನಕ್ಷೆಗಾರ